ಆಸ್ಪತ್ರೆ ಹಡಗಿನ ಮೌನ

ಅಮೆರಿಕದ ನೌಕಾಪಡೆಗೆ ಸೇರಿದ 'ಮರ್ಸಿ', 'ಕಂಫರ್ಟ್' ಎಂಬ ಎರಡು ಆಸ್ಪತ್ರೆ ಹಡಗುಗಳ ಹೆಸರನ್ನು ಓದುಗರಲ್ಲಿ ಅನೇಕರು ಕೇಳಿರಬಹುದು. ಮೊದಲು ತೈಲವನ್ನು ಸಾಗಿಸುತ್ತಿದ್ದ ಈ ಹಡಗುಗಳನ್ನು 1980ರ ದಶಕದಲ್ಲಿ ಆಸ್ಪತ್ರೆಗಳನ್ನಾಗಿ ಮಾರ್ಪಡಿಸಲಾಯಿತು. ಒಂದೊಂದರ ಉದ್ದವೂ 894 ಅಡಿ. ಒಂದೊಂದರಲ್ಲಿಯೂ 1,000 ಹಾಸಿಗೆಗಳು, 12 ಶಸ್ತ್ರಚಿಕಿತ್ಸೆಯ ಕೊಠಡಿಗಳು. 2004ರ ಸುನಾಮಿಯ ತರುವಾಯ ಇಂಡೊನೇಷ್ಯದ ತೀರದಲ್ಲಿ ಮೊದಲನೆಯದೂ, 2010ರ ಭೂಕಂಪದ ತರುವಾಯ ಹೈಟಿಯಲ್ಲಿ ಎರಡನೆಯದೂ ಸಲ್ಲಿಸಿದ ಸೇವೆ ಲೋಕಪ್ರಸಿದ್ಧವಾದುದು. ಅಲ್ಲಿ ಚಿಕಿತ್ಸೆ ಪಡೆದವರ ವಿಷಯವಾಗಿ ಬೇಕಾದಷ್ಟು ಬರಹಗಳು ಬಂದಿವೆ. ಚಿಕಿತ್ಸೆ ನೀಡಿದ ದಾದಿಯರು, ವೈದ್ಯರು, ನಾವಿಕರು, ಇವರ ಮನೆಗಳಲ್ಲಿ ಹಿಂದೆ ಉಳಿದವರ ವಿಷಯವಾಗಿ ಬಂದಿರುವುದು ಅಲ್ಪ. ಆ ಮನೆಗಳಿಗೂ ಹಡಗಿಗೂ ನಡುವಣ ಸಂಪರ್ಕದಲ್ಲಿ ಭೌತಶಾಸ್ತ್ರದ ಪಾಲು ದೊಡ್ಡದಾದುದರಿಂದ, ಆ ಶಾಸ್ತ್ರವನ್ನು ಬೋಧಿಸುವ ನಾವು ಅದನ್ನು ಕುರಿತು ಎರಡು ಮಾತು ಹೇಳಬಯಸುತ್ತೇವೆ.

ಹೈಟಿಯಲ್ಲಿ ನೆಲ ನಡುಗಿದ್ದು 2010ನೆಯ ಜನವರಿ 12ರಂದು. 'ಕಂಫರ್ಟ್' ಬಾಲ್ಟಿಮೋರ್ ಬಂದರನ್ನು ಬಿಟ್ಟದ್ದು 16ರಂದು. ನಡುವೆ ದೊರೆತ ಮೂರು ನಾಲ್ಕು ದಿನಗಳಲ್ಲಿ ಹಡಗಿಗೆ ಔಷಧಗಳನ್ನು ತುಂಬಬೇಕಾಗಿತ್ತು, ಸಿಬ್ಬಂದಿ ಗಂಟುಮೂಟೆ ಕಟ್ಟಬೇಕಾಗಿತ್ತು, ಮಕ್ಕಳಿಗೆ ಹೇಳಿಹೋಗಬೇಕಾಗಿತ್ತು. ಮುಂಚೆಯೇ ಗೊತ್ತುಪಡಿಸಿದ ಯಾನವಾದರೆ ಸಿದ್ಧತೆಗೆ ಕಾಲಾವಕಾಶ ಉಂಟು, ಆದರೆ ಅಗಲಿಕೆ ದೀರ್ಘ. 2006ರಲ್ಲಿ 'ಮರ್ಸಿ' ಫಿಲಿಪೈನ್ಸ್, ಬಾಂಗ್ಲಾದೇಶ, ಇಂಡೊನೇಷ್ಯ, ಪೂರ್ವ ತಿಮೋರ್‌ಗಳನ್ನು ಸುತ್ತಿ ಹಿಂದಿರುಗಲು ಐದು ತಿಂಗಳು ಹಿಡಿಯಿತು. ಇಂಥ ಅಗಲಿಕೆಯಲ್ಲಿ ಮನೆಯವರನ್ನು ಬಾಧಿಸುವುದು ದೂರಕ್ಕಿಂತಲೂ ಹೆಚ್ಚಾಗಿ ಮೌನ. ನಿನ್ನೆ ಬಂದ ಪತ್ರ ಇಂದು ಬಾರದಿದ್ದರೆ ಮನಸ್ಸು ಅದಕ್ಕೊಂದು ಕಾರಣವನ್ನು ಕಲ್ಪಿಸಿಕೊಳ್ಳದೆ ಬಿಡದು. ಹಾಗೆ ಕಲ್ಪಿಸಿಕೊಂಡ ಕಾರಣ ಶುಭಕರವಾಗಿರುವುದು ತೀರ ಅಪರೂಪ.

ಯುದ್ಧನೌಕೆ ಮೌನವಾಗಿದ್ದರೆ ಅದಕ್ಕೆ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು: ತಾನಿರುವ ಸ್ಥಳ ಶತ್ರುವಿಗೆ ತಿಳಿಯಬಾರದು. ಆಸ್ಪತ್ರೆ ಹಡಗಿನ ಸ್ಥಿತಿ ಇದಕ್ಕೆ ವಿರುದ್ಧವಾದುದು. ಎಲ್ಲರ ಕಣ್ಣಿಗೂ ಬೀಳುವುದೇ ಅದರ ರಕ್ಷಣೆ. 1949ರ ಎರಡನೆಯ ಜಿನೀವಾ ಒಪ್ಪಂದದಂತೆ ಅದರ ಮೈಯೆಲ್ಲ ಬಿಳಿಯದಾಗಿರಬೇಕು, ಅದರ ಮೇಲೆ ಕಡುಗೆಂಪು ಶಿಲುಬೆಯ ಗುರುತುಗಳಿರಬೇಕು. ಅಷ್ಟೇ ಅಲ್ಲ, ಸಂದೇಶಗಳನ್ನು ಕಳುಹಿಸಲು ಅದು ಗುಪ್ತಲಿಪಿಯನ್ನು ಬಳಸಕೂಡದೆಂದೂ ಆ ಒಪ್ಪಂದ ವಿಧಿಸುತ್ತದೆ. ಉಪಗ್ರಹಗಳ ಕಾಲದಲ್ಲಿ ಈ ನಿಯಮವನ್ನು ಪಾಲಿಸುವುದು ಕಷ್ಟವಾದುದರಿಂದ, ಸೇವೆಗೆ ಅವಶ್ಯವಾದ ಗುಪ್ತಲಿಪಿ ಯಂತ್ರಗಳಿಗೆ ಅನುಮತಿ ಇರಬೇಕೆಂದು 1994ರ ಸಾನ್ ರೆಮೊ ಕೈಪಿಡಿಯಲ್ಲಿ ತಜ್ಞರು ಅಭಿಪ್ರಾಯಪಟ್ಟಿದ್ದಾರೆ. ಹೇಗೆ ನೋಡಿದರೂ, ಅಡಗಿಕೊಳ್ಳಬೇಕಾದ ಹಡಗು ಇದಲ್ಲ. ಹಾಗಾದರೆ ಇದರ ಮೌನಕ್ಕೆ ಕಾರಣವೇನು?

ಮೊದಲನೆಯ ಕಾರಣ ಪ್ರಕೃತಿಯದು. ಮಾರ್ಕೋನಿ 1901ರಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ರೇಡಿಯೋ ಸಂಕೇತವನ್ನು ಕಳುಹಿಸಿದಂದಿನಿಂದ ಬಹುಕಾಲ ಹಡಗುಗಳು ನಂಬಿದ್ದುದು ವಾಯುಮಂಡಲದ ಮೇಲುಭಾಗದಲ್ಲಿರುವ ವಿದ್ಯುದಾವಿಷ್ಟ ಪದರವನ್ನು. ದೂರಗಾಮಿ ರೇಡಿಯೋ ತರಂಗಗಳು ಆ ಪದರದಿಂದ ಹಿಂದಿರುಗಿ ನೆಲ ಮುಟ್ಟುತ್ತವೆ. ಆದರೆ ಹಗಲು ರಾತ್ರಿಗಳಿಗೆ, ಋತುಗಳಿಗೆ, ಸೂರ್ಯನ ಕೋಪತಾಪಗಳಿಗೆ ಅನುಸಾರವಾಗಿ ಆ ಪದರ ಬದಲಾಗುತ್ತಲೇ ಇರುವುದು. ವಿಯೆಟ್ನಾಂ ಯುದ್ಧದ ದಿನಗಳಲ್ಲಿ ಹವ್ಯಾಸಿ ರೇಡಿಯೋಗಾರರು ಸಿಪಾಯಿಗಳ ಧ್ವನಿಯನ್ನು ತಮ್ಮ ಯಂತ್ರಗಳಲ್ಲಿ ಹಿಡಿದು ಊರಿನ ಟೆಲಿಫೋನಿಗೆ ಜೋಡಿಸಿಕೊಡುತ್ತಿದ್ದರು. ಒಬ್ಬರು ಮಾತು ಮುಗಿಸಿ 'ಓವರ್' ಎಂದ ಮೇಲೆ ಇನ್ನೊಬ್ಬರ ಸರದಿ. ಪ್ರೀತಿಯ ಮಾತಿಗೂ ಆ ಪದವನ್ನು ಸೇರಿಸಲೇಬೇಕು!

1982ರಲ್ಲಿ ಇನ್‌ಮಾರ್ಸಾಟ್ ಸಂಸ್ಥೆ ಹಡಗುಗಳಿಗೆ ಉಪಗ್ರಹ ಸೇವೆಯನ್ನು ಆರಂಭಿಸಿದ ಮೇಲೆ ಸ್ಥಿತಿ ಬಹಳ ಸುಧಾರಿಸಿತು. ಆದರೂ ಭೂಸ್ಥಿರ ಉಪಗ್ರಹವಿರುವುದು ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಮಾತು ಅಷ್ಟು ದೂರ ಏರಿ ಇಳಿಯಲು ಸುಮಾರು ಕಾಲು ಸೆಕೆಂಡು ಬೇಕು. ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡು. 'ಮಗು ಹೇಗಿದೆ?' ಎಂಬ ಪ್ರಶ್ನೆಗೆ ಅರ್ಧ ಸೆಕೆಂಡು ಉತ್ತರವಿಲ್ಲದಿದ್ದರೆ ಕೇಳಿದವರು ಅದನ್ನು ಹಿಂಜರಿಕೆಯೆಂದು ಭಾವಿಸುವುದು ಸಹಜ. ಅದು ಹಿಂಜರಿಕೆಯಲ್ಲ, ಬೆಳಕಿನ ವೇಗ. ಇದಲ್ಲದೆ, ಹಡಗು ಅಲೆಗಳ ಮೇಲೆ ಹೊರಳುತ್ತಿದ್ದರೂ ಅದರ ಅಂಟೆನ ಆಕಾಶದ ಒಂದೇ ಬಿಂದುವನ್ನು ದಿಟ್ಟಿಸುತ್ತಿರಬೇಕು. ಹಡಗು ತಿರುಗಿದಾಗ ಅದರ ಕಂಬವೇ ಅಡ್ಡ ಬರಬಹುದು. ಉಷ್ಣವಲಯದ ಜಡಿಮಳೆ ತರಂಗಗಳನ್ನು ಹೀರಿಬಿಡಬಹುದು.

ಎರಡನೆಯ ಕಾರಣ ಹಂಚಿಕೆಯದು. ಹಡಗಿಗೂ ದಡಕ್ಕೂ ನಡುವೆ ಇರುವ ಮಾರ್ಗಕ್ಕೆ ಒಂದು ಮಿತಿಯುಂಟು. ಕ್ಷಕಿರಣ ಯಂತ್ರದಿಂದ ತೆಗೆದ ದೇಹದ ಒಂದು ಅಡ್ಡಕೊಯ್ತದ ಚಿತ್ರವನ್ನು ದಡದ ತಜ್ಞರಿಗೆ ಕಳುಹಿಸಬೇಕಾದರೆ ಅದಕ್ಕೆ ಸುಮಾರು ಐದು ಲಕ್ಷ ಬೈಟುಗಳ ಜಾಗ ಬೇಕು; ಒಬ್ಬ ರೋಗಿಗೆ ಇಂಥ ಚಿತ್ರಗಳು ನೂರಾರು. ರೋಗಿಯ ಚಿತ್ರ ಮೊದಲು, ಮನೆಯ ಮಾತು ಆಮೇಲೆ ಎಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಉಳಿದ ಪಾಲನ್ನು ಹಂಚುವುದು ಹೇಗೆ? ಇಂಗ್ಲಿಷಿನಲ್ಲಿ ಬರೆದ ಮುನ್ನೂರು ಪದಗಳ ಪತ್ರಕ್ಕೆ ಸುಮಾರು 2,000 ಬೈಟುಗಳು ಸಾಕು. ಸೆಕೆಂಡಿಗೆ ಹತ್ತು ಲಕ್ಷ ಬಿಟ್‌ಗಳಂತೆ ಹರಿಯುವ ಚಿತ್ರಸಂಭಾಷಣೆ ಒಂದು ನಿಮಿಷದಲ್ಲಿ 75 ಲಕ್ಷ ಬೈಟುಗಳನ್ನು ನುಂಗುತ್ತದೆ. ಎಂದರೆ ಒಬ್ಬರು ಒಂದು ನಿಮಿಷ ಮನೆಯವರ ಮುಖ ನೋಡುವ ವೆಚ್ಚದಲ್ಲಿ 3,750 ಪತ್ರಗಳನ್ನು ಕಳುಹಿಸಬಹುದು. ಹಡಗಿನಲ್ಲಿ ಸಾವಿರ ಜನರಿದ್ದರೆ ತಲೆಗೆ ಮೂರು ಪತ್ರಗಳಿಗೂ ಮಿಕ್ಕಿತು.

ಇದರೊಡನೆ ಗಡಿಯಾರದ ತೊಡಕು ಬೇರೆ. 'ಮರ್ಸಿ'ಯ ತವರು ಸಾನ್ ಡಿಯಾಗೊ. ಹಡಗು ಬಾಂಗ್ಲಾದೇಶದಲ್ಲಿದ್ದ ಆ ಬೇಸಗೆಯಲ್ಲಿ ಎರಡು ಸ್ಥಳಗಳ ಗಡಿಯಾರಗಳಿಗೂ ಹದಿಮೂರು ಗಂಟೆಗಳ ಅಂತರ. ಇಲ್ಲಿ ದಾದಿ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಕುಳಿತರೆ ಅಲ್ಲಿ ಬೆಳಗಿನ ಎಂಟು, ಮನೆಯವರೆಲ್ಲ ಹೊರಡುವ ಗಡಿಬಿಡಿ. ಸಾಲಿನಲ್ಲಿ ಕಾದು ಪಡೆದ ಐದು ನಿಮಿಷಗಳು ಯಾರೂ ಎತ್ತಿಕೊಳ್ಳದ ಟೆಲಿಫೋನಿನ ಗಂಟೆಯಾಗಿ ಮುಗಿಯಬಹುದು.

ಮೂರನೆಯ ಕಾರಣ ಮನುಷ್ಯರು ಬೇಕೆಂದೇ ವಿಧಿಸುವ ಮೌನ. ಅಮೆರಿಕದ ನಾವಿಕರು ಇದನ್ನು 'ರಿವರ್ ಸಿಟಿ' ಎನ್ನುವರು. ಹಡಗಿನಲ್ಲಿ ಯಾರಾದರೂ ಗಾಯಗೊಂಡರೆ ಅಥವಾ ಸತ್ತರೆ, ಆ ವ್ಯಕ್ತಿಯ ಮನೆಯವರಿಗೆ ಅಧಿಕೃತವಾಗಿ ತಿಳಿಸುವ ತನಕ ಹೊರಗಿನ ಸಂಪರ್ಕವನ್ನು ತಡೆಹಿಡಿಯುವುದುಂಟು. ಸಾವಿನ ಸುದ್ದಿ ಗಾಳಿಮಾತಾಗಿ ಮನೆಯನ್ನು ಮುಟ್ಟಬಾರದೆಂಬುದು ಇದರ ಉದ್ದೇಶ. ಇದು ನ್ಯಾಯವಾದುದೇ. ಆದರೆ ಒಂದು ಮನೆಗೆ ತೋರಿದ ಈ ದಯೆ ನೂರಾರು ಮನೆಗಳಿಗೆ ಒಂದು ರಾತ್ರಿಯ ನರಕವಾಗಬಲ್ಲದು.

ಈ ಮೂರೂ ಮೌನಗಳು ಹಡಗಿನಲ್ಲಿರುವವರಿಗೆ ಬೇರೆ ಬೇರೆಯಾಗಿ ಕಾಣುತ್ತವೆ. ದಡದಲ್ಲಿರುವವರಿಗೆ ಮೂರೂ ಒಂದೇ. ಕೇಡೆಲ್ಲ ಇರುವುದು ಇಲ್ಲಿ. ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಸಂಪರ್ಕವನ್ನು ಎಡೆಬಿಡದೆ ಒದಗಿಸುವೆವೆಂಬ ಭರವಸೆಗಿಂತ, ಮೌನದ ಕಾರಣಗಳನ್ನು ಮುಂಚಿತವಾಗಿ ತಿಳಿಸುವುದು ಹೆಚ್ಚು ಪ್ರಾಮಾಣಿಕವಾದ ಉಪಕಾರ. ಹಡಗು ಹೊರಡುವುದಕ್ಕೆ ಮೊದಲು ಮನೆಯವರನ್ನು ಕೂರಿಸಿ, ಉಪಗ್ರಹ ಎಲ್ಲಿದೆ, ಮಾರ್ಗ ಎಷ್ಟು ಅಗಲ, ಯಾವ ದಿನಗಳಲ್ಲಿ ಸಂಪರ್ಕ ಕ್ಷೀಣಿಸಬಹುದು, 'ರಿವರ್ ಸಿಟಿ' ಎಂದರೇನು ಎಂಬುದನ್ನು ಒಂದು ಗಂಟೆಯ ಕಾಲ ವಿವರಿಸಬೇಕು. ಪ್ರತಿಯೊಬ್ಬರಿಗೂ ದಿನಕ್ಕೊಂದು ಚಿಕ್ಕ ಪತ್ರದ ಪಾಲನ್ನು ಹಕ್ಕಾಗಿ ಕಾದಿರಿಸಬೇಕು. ಚಿತ್ರಸಂಭಾಷಣೆ ಆಮೇಲೆ ಮಿಕ್ಕುದರಲ್ಲಿ ನಡೆಯಲಿ. ಮೌನ ಮುಗಿದ ಮೇಲೆ ಅದರ ಕಾರಣವನ್ನು, ಹೇಳಬಹುದಾದಷ್ಟು ಮಟ್ಟಿಗೆ, ಹೇಳಬೇಕು. ಇದಕ್ಕೆ ಹೊಸ ಕಚೇರಿಯೇನೂ ಬೇಕಿಲ್ಲ. 1970ರಲ್ಲಿ ಅಡ್ಮಿರಲ್ ಜುಮ್ವಾಲ್ಟ್ ಅವರು ಮನೆಯವರಿಗೂ ಹಡಗಿನ ಅಧಿಕಾರಿಗೂ ನಡುವೆ ಮಾತು ಸಾಗಿಸಲು 'ಓಂಬುಡ್ಸ್‌ಮನ್' ಎಂಬ ಸ್ವಯಂಸೇವಕ ಪದವಿಯನ್ನು ಸ್ಥಾಪಿಸಿದರು. ಸಾಮಾನ್ಯವಾಗಿ ನಾವಿಕರೊಬ್ಬರ ಪತ್ನಿಯೋ ಪತಿಯೋ ವಹಿಸಿಕೊಳ್ಳುವ ಈ ಕೆಲಸಕ್ಕೆ ಇದಕ್ಕಿಂತ ತಕ್ಕ ಹೊಣೆ ಮತ್ತೊಂದಿಲ್ಲ.

ಕೆಳಕಕ್ಷೆಯ ಉಪಗ್ರಹಗಳು ಈಗ ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿಯೇ ಹಾರುತ್ತಿರುವಾಗ ಈ ಚಿಂತೆಯೆಲ್ಲ ಏಕೆಂದು ಕೆಲವರು ಕೇಳಬಹುದು. ಅವುಗಳಿಂದ ವಿಳಂಬ ಬಹಳ ತಗ್ಗಿದೆ, ಮಾರ್ಗ ಅಗಲವಾಗಿದೆ, ನಿಜ. ಆದರೆ ಮಾರ್ಗ ಅಗಲವಾದಂತೆ ಅದನ್ನು ತುಂಬುವ ಚಿತ್ರಗಳೂ ಹೆಚ್ಚುತ್ತವೆ. ಮನುಷ್ಯರು ವಿಧಿಸುವ ಮೌನವನ್ನಂತೂ ಯಾವ ಉಪಗ್ರಹವೂ ನೀಗಲಾರದು. ಮೇಲಾಗಿ, ಎಂದೂ ಕಡಿಯದ ಸಂಪರ್ಕಕ್ಕೆ ಒಗ್ಗಿದವರಿಗೆ ಒಂದು ದಿನದ ಮೌನ ಹಿಂದಿನವರ ಒಂದು ತಿಂಗಳ ಮೌನಕ್ಕಿಂತ ಭಾರವಾಗುವುದು.

ಇದು ದೂರದ ದೇಶದ ಮಾತು ಮಾತ್ರವಲ್ಲ. 2004ರ ಸುನಾಮಿಯ ತರುವಾಯ ನಮ್ಮ ನೌಕಾಪಡೆಯೂ 'ನಿರೂಪಕ್' ಎಂಬ ಸರ್ವೇಕ್ಷಣಾ ನೌಕೆಯನ್ನು ಆಸ್ಪತ್ರೆಯಾಗಿ ಸಜ್ಜುಗೊಳಿಸಿ ಇಂಡೊನೇಷ್ಯಕ್ಕೆ ಕಳುಹಿಸಿತು. 2005ರಲ್ಲಿ ಕಾರವಾರದಲ್ಲಿ ಕದಂಬ ನೌಕಾನೆಲೆ ಆರಂಭವಾದ ಮೇಲೆ, ಹಡಗಿನ ದಾರಿ ಕಾಯುವ ಮನೆಗಳು ನಮ್ಮ ನಾಡಿನ ತೀರದಲ್ಲಿಯೂ ಇವೆ. ಪತ್ರ ಬಾರದ ದಿನ ಆ ಮನೆಯವರಿಗೆ ಧೈರ್ಯ ಹೇಳುವ ನೆರೆಹೊರೆಯವರಿಗೆ ಕೊರತೆಯಿರಲಾರದು. ಆದರೆ ಬರಿಯ ಧೈರ್ಯದ ಮಾತಿಗಿಂತ ನಿಜವಾದ ಕಾರಣವೊಂದು ಹೆಚ್ಚು ನಿದ್ರೆ ತರಬಲ್ಲದು. ಆ ಕಾರಣವನ್ನು ತಿಳಿಯುವುದು ಅವರ ಹಕ್ಕೆಂದೇ ನಾವು ನಂಬುತ್ತೇವೆ.