ಸ್ತನ ತಪಾಸಣೆ: ಸೌಲಭ್ಯ ಹತ್ತಿರ ಬಂದಿದೆ, ಸಂಕೋಚ ದೂರವಾಗಬೇಕಿದೆ

ದಸರೆಯ ಸಂಭ್ರಮ ಮುಗಿದು ದೀಪಾವಳಿಯ ಸಿದ್ಧತೆ ಮೊದಲಾಗುವ ಅಕ್ಟೋಬರ್ ತಿಂಗಳನ್ನು ಜಗತ್ತಿನಾದ್ಯಂತ ಸ್ತನ ಕ್ಯಾನ್ಸರ್ ಜಾಗೃತಿ ಮಾಸವೆಂದು ಆಚರಿಸಲಾಗುತ್ತದೆ. ಗುಲಾಬಿ ಬಣ್ಣದ ಪಟ್ಟಿಗಳು ಕಾಣಿಸುತ್ತವೆ, ಜಾಥಾಗಳು ನಡೆಯುತ್ತವೆ. ನವೆಂಬರ್ ಬಂದೊಡನೆ ಮಾತು ನಿಂತುಹೋಗುತ್ತದೆ. ಕಾಯಿಲೆಗಾದರೋ ತಿಂಗಳ ಹಂಗಿಲ್ಲ. ಸದ್ಭಕ್ತರ ಮನೆಗಳಲ್ಲಿ ಗಟ್ಟಿಯಾಗಿ ಆಡದಿರುವ ಈ ವಿಷಯವನ್ನು ಮಠದ ವೇದಿಕೆಯಲ್ಲಿ ವಿವೇಚಿಸುವುದು ಉಚಿತವೆಂದು ಭಾವಿಸಿ ಈ ಕೆಲವು ಮಾತುಗಳನ್ನು ಮುಂದಿಡುತ್ತಿದ್ದೇವೆ.

ಮೊದಲಿಗೆ ಅಂಕಿ ಅಂಶಗಳನ್ನು ನೋಡೋಣ. ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನ ಕ್ಯಾನ್ಸರ್. 2022ರ ಜಾಗತಿಕ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು ಪತ್ತೆಯಾದವು. ಸುಮಾರು 98 ಸಾವಿರ ಮಹಿಳೆಯರು ಅಸುನೀಗಿದರು. ರೋಗ ಪತ್ತೆಯಾದ ಐದು ವರ್ಷಗಳ ಬಳಿಕ ಬದುಕಿರುವವರ ಪ್ರಮಾಣ ಶ್ರೀಮಂತ ರಾಷ್ಟ್ರಗಳಲ್ಲಿ ಶೇ. 90ನ್ನು ದಾಟಿದರೆ ಭಾರತದಲ್ಲಿ ಶೇ. 66ರಷ್ಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಈ ಅಂತರಕ್ಕೆ ಮುಖ್ಯ ಕಾರಣ ವಿಳಂಬ. ನಮ್ಮಲ್ಲಿ ಅರ್ಧಕ್ಕೂ ಹೆಚ್ಚು ಮಹಿಳೆಯರು ವೈದ್ಯರ ಬಳಿಗೆ ಬರುವುದು ರೋಗ ಮುಂದುವರಿದ ಹಂತದಲ್ಲಿ. ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ, ನಲವತ್ತು ಐವತ್ತರ ವಯಸ್ಸಿನಲ್ಲೇ, ಈ ಕಾಯಿಲೆ ನಮ್ಮವರನ್ನು ಹಿಡಿಯುತ್ತದೆ. ಅಂದರೆ ಮಕ್ಕಳ ಮದುವೆ, ಹಿರಿಯರ ಆರೈಕೆ, ಮನೆಯ ಲೆಕ್ಕಾಚಾರ ಎಲ್ಲವೂ ಒಬ್ಬಳ ಹೆಗಲ ಮೇಲಿರುವ ವಯಸ್ಸಿನಲ್ಲಿ.

ಸರ್ಕಾರ ಕಣ್ಣು ಮುಚ್ಚಿ ಕುಳಿತಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ರೂಪಿಸಿದ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ ಕೈಯಿಂದ ಮುಟ್ಟಿ ಸ್ತನ ಪರೀಕ್ಷೆ ಮಾಡಬೇಕು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಒಮ್ಮೆಯಾದರೂ ಇಂಥ ಪರೀಕ್ಷೆಗೆ ಒಳಗಾದವರು ದೇಶದಲ್ಲಿ ಶೇ. 1ಕ್ಕಿಂತ ಕಡಿಮೆ. ಯೋಜನೆ ಕಾಗದದಿಂದ ಮನೆಬಾಗಿಲಿಗೆ ಬರುವ ದಾರಿ ಎಷ್ಟು ಉದ್ದವೆಂಬುದಕ್ಕೆ ಇದೊಂದೇ ಅಂಕಿ ಸಾಕು.

ಯಂತ್ರದ ಪರೀಕ್ಷೆಯಾದ ಮ್ಯಾಮೊಗ್ರಾಮ್ ಅನ್ನು ಬಿಟ್ಟು ಕೈ ಪರೀಕ್ಷೆಯನ್ನೇಕೆ ಆರಿಸಿಕೊಂಡರು ಎಂದು ಯಾರಾದರೂ ಕೇಳಬಹುದು. ಯಂತ್ರಗಳೂ ಚಿತ್ರವನ್ನು ಓದಬಲ್ಲ ತಜ್ಞರೂ ಎಲ್ಲೆಡೆ ಇಲ್ಲ. ಕಿರಿಯ ವಯಸ್ಸಿನವರ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಎಕ್ಸ್‌ರೇಯಲ್ಲಿ ಗಂಟು ಮರೆಯಾಗುವ ಸಂಭವವೂ ಉಂಟು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಒಂದೂವರೆ ಲಕ್ಷ ಮಹಿಳೆಯರನ್ನು ಇಪ್ಪತ್ತು ವರ್ಷ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು, ಎರಡು ವರ್ಷಕ್ಕೊಮ್ಮೆ ನಡೆಸಿದ ಕೈ ಪರೀಕ್ಷೆಯಿಂದ ರೋಗ ಬೇಗನೆ ಪತ್ತೆಯಾಯಿತೆಂದೂ, ಐವತ್ತು ದಾಟಿದವರಲ್ಲಿ ಈ ಕಾಯಿಲೆಯಿಂದ ಸಂಭವಿಸುವ ಸಾವು ಸುಮಾರು ಶೇ. 30ರಷ್ಟು ತಗ್ಗಿತೆಂದೂ ತೋರಿಸಿತು. ಐವತ್ತರೊಳಗಿನವರಲ್ಲಿ ಸಾವಿನ ಪ್ರಮಾಣ ತಗ್ಗಲಿಲ್ಲವೆಂಬುದನ್ನೂ ಅದೇ ಅಧ್ಯಯನ ಪ್ರಾಮಾಣಿಕವಾಗಿ ಹೇಳಿದೆ. ಆದ್ದರಿಂದ ಆಶಾ ಕಾರ್ಯಕರ್ತೆ ಮನೆಗೆ ಬಂದು ತಪಾಸಣೆಗೆ ಕರೆದಾಗ ಅದನ್ನು ಬಡವರ ಪರೀಕ್ಷೆಯೆಂದು ಹಗುರವಾಗಿ ಕಾಣಬಾರದು.

ಇನ್ನು ಮ್ಯಾಮೊಗ್ರಾಮ್ ವಿಚಾರ. ಬ್ರಿಟನ್ನಿನಲ್ಲಿ ಐವತ್ತು ತುಂಬಿದ ಮಹಿಳೆಗೆ ಮೂರು ವರ್ಷಕ್ಕೊಮ್ಮೆ ಸರ್ಕಾರದಿಂದಲೇ ಕರೆಯೋಲೆ ಬರುತ್ತದೆ. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ ನಲವತ್ತರಿಂದ ಎಪ್ಪತ್ತನಾಲ್ಕರವರೆಗೆ ಎರಡು ವರ್ಷಕ್ಕೊಮ್ಮೆ ಮಾಡಿಸಬೇಕೆಂದು ಸಲಹೆಯಿತ್ತಿತು. ನಮ್ಮಲ್ಲಿ ಅಂಥ ಕರೆಯೋಲೆ ಬರುವುದಿಲ್ಲ. ನಾವೇ ನಮ್ಮನ್ನು ಕರೆದುಕೊಂಡು ಹೋಗಬೇಕು. ಐವತ್ತರ ಹರೆಯದಲ್ಲಿರುವ ನಾವೂ ಈ ಪರೀಕ್ಷೆಗೆ ಒಳಗಾದವರೇ ಆದುದರಿಂದ ಅದರ ಸ್ವರೂಪವನ್ನು ತಿಳಿಸಬಲ್ಲೆವು. ಪೌಡರ್, ಸುಗಂಧ ದ್ರವ್ಯ ಹಚ್ಚದೆ ಹೋಗಬೇಕು. ಅವುಗಳ ಕಣಗಳು ಚಿತ್ರದಲ್ಲಿ ಚುಕ್ಕೆಗಳಂತೆ ಕಾಣಬಹುದು. ತಂತ್ರಜ್ಞೆಯೊಬ್ಬರು ಒಂದೊಂದೇ ಸ್ತನವನ್ನು ಎರಡು ಫಲಕಗಳ ನಡುವೆ ಇರಿಸಿ ಒತ್ತುತ್ತಾರೆ. ಫಲಕ ತಣ್ಣಗಿರುತ್ತದೆ, ಒತ್ತಡ ನೋಯಿಸುತ್ತದೆ. ಆದರೆ ಪ್ರತಿ ಸಲವೂ ಕೆಲವು ಕ್ಷಣ ಮಾತ್ರ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಹೀಗೆ ಒಟ್ಟು ನಾಲ್ಕು ಚಿತ್ರಗಳು. ದೇಹಕ್ಕೆ ತಗಲುವ ವಿಕಿರಣ ಅತ್ಯಲ್ಪ. ನಿಸರ್ಗದಿಂದಲೇ ಕೆಲವು ವಾರಗಳಲ್ಲಿ ನಮಗೆ ತಗಲುವಷ್ಟು.

ಈ ಪರೀಕ್ಷೆಯ ಮಿತಿಗಳನ್ನೂ ಮುಚ್ಚಿಡಬಾರದು. ಕೆಲವೊಮ್ಮೆ ಇಲ್ಲದ ರೋಗದ ಶಂಕೆ ಹುಟ್ಟಿಸುತ್ತದೆ, ಕೆಲವೊಮ್ಮೆ ಇರುವುದನ್ನು ಕಾಣದೆ ಬಿಡುತ್ತದೆ. ಮತ್ತೊಮ್ಮೆ ಬನ್ನಿ ಎಂದು ಕರೆಸಿಕೊಂಡವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆದ್ದರಿಂದ ಮರುಪರೀಕ್ಷೆಯ ಕರೆಯನ್ನು ಮರಣಶಾಸನವೆಂದು ಬಗೆದು ಮನೆಯಲ್ಲಿ ಕೂರುವುದು ತಪ್ಪು. ಹಾಗೆಯೇ, ಗಂಟು, ಚರ್ಮದ ಕುಳಿ, ತೊಟ್ಟಿನಿಂದ ರಕ್ತ ಒಸರುವುದು ಕಂಡಾಗ ಹಿಂದಿನ ವರದಿ ಸರಿಯಿತ್ತೆಂದು ಸುಮ್ಮನಿರುವುದೂ ತಪ್ಪು. ಲಕ್ಷಣ ಕಂಡವರು ತಪಾಸಣೆಯ ಸರದಿಗೆ ಕಾಯದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ತಾಯಿ, ಅಕ್ಕತಂಗಿಯರಲ್ಲಿ ಈ ಕಾಯಿಲೆ ಬಂದಿದ್ದರೆ ನಲವತ್ತಕ್ಕೂ ಮೊದಲೇ ಸಲಹೆ ಪಡೆಯಬೇಕು.

ಮೈಸೂರಿನ ಸ್ಥಿತಿಯನ್ನು ನೋಡೋಣ. ಅಗ್ರಹಾರ ವೃತ್ತದಿಂದ ಜೆಎಸ್‌ಎಸ್ ಆಸ್ಪತ್ರೆಗೆ ನಡೆದೇ ಹೋಗಬಹುದು, ಕೆ.ಆರ್. ಆಸ್ಪತ್ರೆ ಆಟೊದಲ್ಲಿ ಹತ್ತು ನಿಮಿಷದ ದಾರಿ. ನಂಜನಗೂಡು, ತಿ. ನರಸೀಪುರ, ಹುಣಸೂರಿನ ತಾಯಂದಿರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಗೃಹಲಕ್ಷ್ಮಿ ಯೋಜನೆಗೆ ಚಾಲನೆ ದೊರೆತದ್ದೇ ನಮ್ಮ ಈ ನಗರದಲ್ಲಿ, ಅದೇ ವರ್ಷದ ಆಗಸ್ಟ್ 30ರಂದು. ತಿಂಗಳಿಗೆ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಸಲ್ಲಬೇಕಾದ ಹಣ. ಅದರ ಒಂದೆರಡು ಕಂತು ಈ ಪರೀಕ್ಷೆಗೆ ಸಾಕಾಗಬಹುದು. ರೋಗ ಪತ್ತೆಯಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಹೀಗೆ ದೂರ, ದುಡ್ಡು ಎಂಬ ಎರಡು ಅಡ್ಡಿಗಳು ಪೂರ್ತಿ ನಿವಾರಣೆಯಾಗಿಲ್ಲವಾದರೂ ಸಾಕಷ್ಟು ತಗ್ಗಿವೆ. ಉಳಿದಿರುವುದು ಸಂಕೋಚ, ಮತ್ತು ಮನೆಯಲ್ಲಿ ತನ್ನ ಸರದಿಯನ್ನು ಎಲ್ಲರ ಕೊನೆಗೆ ಇಟ್ಟುಕೊಳ್ಳುವ ಅಭ್ಯಾಸ. ಗಂಡನ ಸಕ್ಕರೆಯ ವರದಿ, ಅತ್ತೆಯ ಕಣ್ಣಿನ ಚೀಟಿ, ಮೊಮ್ಮಗುವಿನ ಲಸಿಕೆಯ ಪುಸ್ತಕ ಎಲ್ಲಿದೆಯೆಂದು ಬಲ್ಲವಳ ಹೆಸರಿನಲ್ಲಿ ಒಂದು ಕಡತವೂ ಇರುವುದಿಲ್ಲ.

ನಮ್ಮ ಸಮುದಾಯದ ತಾಯಂದಿರಿಗೆ ಮತ್ತೊಂದು ಹಿಂಜರಿಕೆಯೂ ಉಂಟು. ಪರೀಕ್ಷೆಯ ವೇಳೆ ಕೊರಳು, ಎದೆಯ ಮೇಲಿನ ಲೋಹವನ್ನೆಲ್ಲ ತೆಗೆಯಬೇಕಾಗುತ್ತದೆ. ಮಾಂಗಲ್ಯವನ್ನು ಹೇಗೆ ಬಿಚ್ಚಿಡುವುದು, ಅಂಗದ ಮೇಲಿನ ಇಷ್ಟಲಿಂಗವನ್ನು ಹೇಗೆ ಅಗಲಿಸುವುದು ಎಂಬ ಅಳುಕು ನಿಜವಾದುದು, ಅದನ್ನು ನಗೆಯಾಡಬಾರದು. ಆದರೆ ಇದಕ್ಕೆ ಉತ್ತರ ನಮ್ಮ ಪರಂಪರೆಯಲ್ಲೇ ಇದೆ. ಲಿಂಗಧಾರಣೆಗೆ ಎದೆಯೊಂದೇ ಸ್ಥಾನವಲ್ಲ. ಶಿರಸ್ಸೂ ಕರವೂ ಸಮ್ಮತ ಸ್ಥಾನಗಳೇ. ಕರಡಿಗೆಯನ್ನು ಆ ಕೆಲವು ನಿಮಿಷ ವಸ್ತ್ರದಲ್ಲಿ ಸುತ್ತಿ ಮುಂಗೈಗೆ ಕಟ್ಟಿಕೊಂಡರೆ ಲಿಂಗಾಂಗ ಸಂಬಂಧಕ್ಕೂ ಭಂಗವಿಲ್ಲ, ಚಿತ್ರಕ್ಕೂ ಅಡ್ಡಿಯಿಲ್ಲ. ತಂತ್ರಜ್ಞೆಗೆ ಮೊದಲೇ ತಿಳಿಸಿದರೆ ಅವರು ಅನುವು ಮಾಡಿಕೊಡುತ್ತಾರೆ. ಮಾಂಗಲ್ಯವನ್ನು ಜೊತೆಗೆ ಬಂದವರ ಕೈಯಲ್ಲಿ ಕೊಟ್ಟು ಹೋಗಬಹುದು.

ಜೊತೆಗೆ ಬರುವವರು ಯಾರು ಎಂಬ ಪ್ರಶ್ನೆಯಲ್ಲೇ ಈ ವಿಷಯದ ತಿರುಳಿದೆ. ಇದು ಹೆಂಗಸರ ಮಾತು ಎಂದು ಎದ್ದುಹೋಗುವ ಪುರುಷ ಭಕ್ತರನ್ನು ಉದ್ದೇಶಿಸಿಯೂ ಈ ಲೇಖನ ಬರೆದಿದ್ದೇವೆ. ಕಾಯಕವನ್ನು ಪೂಜೆಯೆಂದು ಬಗೆಯುವ ನಾವು ಆ ಕಾಯಕಕ್ಕೆ ಆಧಾರವಾದ ಕಾಯವನ್ನು, ಅದು ಹೆಣ್ಣಿನದೆಂಬ ಕಾರಣಕ್ಕೆ, ಕಡೆಗಣಿಸುವುದು ಧರ್ಮವಲ್ಲ. ಪತ್ನಿಯ, ತಾಯಿಯ, ಅಕ್ಕನ ಮುಂದೆ ಕುಳಿತು ನಿಮ್ಮ ತಪಾಸಣೆ ಯಾವಾಗ ಆಗಿತ್ತು ಎಂದು ಕೇಳಿರಿ. ಆಗಿಲ್ಲವೆಂದರೆ ಈ ತಿಂಗಳಲ್ಲೇ ಒಂದು ದಿನ ಗೊತ್ತುಮಾಡಿ, ಜೊತೆಯಲ್ಲಿ ಹೋಗಿ ಹೊರಗಿನ ಬೆಂಚಿನ ಮೇಲೆ ಕಾದಿರಿ. ತಾಯಂದಿರು ನೆರೆಯ ಇಬ್ಬರನ್ನು ಕೂಡಿಸಿಕೊಂಡು ಹೊರಡಲಿ. ಒಬ್ಬಳಿಗೆ ಅಳುಕೆನಿಸುವುದು ಮೂವರಿಗೆ ಅಷ್ಟಾಗಿ ಎನಿಸುವುದಿಲ್ಲ. ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಮುಂದಿನ ಸಲ ಹಳೆಯ ಚಿತ್ರದೊಡನೆ ಹೋಲಿಸಿ ನೋಡಲು ವೈದ್ಯರಿಗೆ ಅದು ಬೇಕಾಗುತ್ತದೆ.