ಇಬ್ರಾಹಿಂ ರೋಜಾದ ಮಣ್ಣು, ನಮ್ಮ ಅಂಗಳ

ವಿಜಯಪುರದ ಇಬ್ರಾಹಿಂ ರೋಜಾ ನೋಡಲು ಹೋದವರ ಕಣ್ಣು ಮಿನಾರುಗಳ ಮೇಲೆ, ಕಲ್ಲಿನ ಕೆತ್ತನೆಯ ಮೇಲೆ ನಿಲ್ಲುತ್ತದೆ. ಕಾಲಡಿಯ ಮಣ್ಣನ್ನು ಗಮನಿಸುವವರು ಕಡಿಮೆ. 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್ ಶಾಹ್ ಮತ್ತು ಅವರ ಪತ್ನಿ ತಾಜ್ ಸುಲ್ತಾನಾರ ಸಮಾಧಿಯಿರುವ ಈ ಆವರಣ, ಗೋಡೆಯೊಳಗಿನ ಒಂದು ತೋಟವೂ ಹೌದು.

ಇಲ್ಲಿನ ಮಣ್ಣಿನ ಮೂಲ ಕರಿಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್‌ನಲ್ಲಿ ಹರಿದ ಲಾವಾ ತಣಿದು ಕಲ್ಲಾಯಿತು. ಬಿಸಿಲು, ಮಳೆ, ಬೇರುಗಳು ಅದನ್ನು ಸವೆಸಿ ಮಣ್ಣು ಮಾಡಿದವು. ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು. ತಿಕೋಟಾ ಕಡೆಯ ಮಡ್ಡಿಯಲ್ಲಿ ಮಣ್ಣಿನ ಪದರ ತೆಳು; ಸ್ವಲ್ಪ ಅಗೆದರೆ ಗರಸು ಸಿಗುತ್ತದೆ. ಅಲ್ಲಿ ದ್ರಾಕ್ಷಿಗೆ ಹನಿ ನೀರಾವರಿ ಬೇಕು. ಬಬಲೇಶ್ವರ ತಾಲೂಕಿನ ಡೋಣಿ ತೀರದಲ್ಲಿ ಆಳವಾದ ಎರೆಭೂಮಿ. ಮಳೆ ನಿಂತ ಮೇಲೂ ತೇವ ಹಿಡಿದಿಟ್ಟು ಹಿಂಗಾರಿ ಜೋಳ, ಕಡಲೆ ಬೆಳೆಸುತ್ತದೆ.

ಹಳೆಯ ಕಟ್ಟಡಗಳ ಸುತ್ತಲಿನ ಮಣ್ಣಿನ ಕತೆ ಬೇರೆ. ಅದರಲ್ಲಿ ಕಲ್ಲಿನ ಚೂರು, ಗಾರೆಯ ಸುಣ್ಣ, ಹೊರಗಿನಿಂದ ತಂದು ತುಂಬಿದ ಮಣ್ಣು ಸೇರಿರುತ್ತವೆ. ಎರೆಮಣ್ಣಿನಲ್ಲಿ ಮೊದಲೇ ಸುಣ್ಣದ ಅಂಶವಿದೆ. ಅದು ಹೆಚ್ಚಾದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಜನರ ಓಡಾಟದಿಂದ ನೆಲ ಗಟ್ಟಿಯಾದರೆ ಬೇರಿಗೆ ಗಾಳಿಯೂ ಸಿಗದು.

ಸಹೋದರಿಯರೇ, ಹೊಸ ಮನೆಯ ಗೋಡೆ ಪಕ್ಕದಲ್ಲಿ ನೆಟ್ಟ ಕರಿಬೇವು ಬಿಳಿಚಿಕೊಳ್ಳುವುದಕ್ಕೂ ಇದೇ ಕಾರಣವಿರಬಹುದು. ನೀರು ಸಾಲದೆಂದು ಇನ್ನಷ್ಟು ಬೋರ್‌ವೆಲ್ ನೀರು ಸುರಿಯುತ್ತೇವೆ. ಗಡಸು ನೀರಿನಿಂದ ಮಣ್ಣಿನಲ್ಲಿ ಉಪ್ಪು, ಸುಣ್ಣ ಮತ್ತಷ್ಟು ಸೇರುತ್ತದೆ.

ಮಣ್ಣನ್ನು ಮನೆಯಲ್ಲೇ ಪರೀಕ್ಷಿಸಬಹುದು. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಜೇಡಿ ಕೆಳಗಿಳಿಯಲು ಒಂದು ದಿನಕ್ಕೂ ಹೆಚ್ಚು ಬೇಕು. ಮೇಲೆ ತೇಲುವ ಕಸಕಡ್ಡಿಯನ್ನೂ ನೋಡಿ. ಅದು ತೀರಾ ಕಡಿಮೆಯಿದ್ದರೆ ಗೊಬ್ಬರ ಬೇಕೆಂದೇ ಅರ್ಥ.

ಆ ಗೊಬ್ಬರ ನಮ್ಮ ಅಂಗಳದಲ್ಲೇ ಉದುರುತ್ತಿರುತ್ತದೆ. ಬೆಳಗ್ಗೆ ಗುಡಿಸಿದ ಎಲೆಗಳಿಗೆ ಬೆಂಕಿಯಿಟ್ಟರೆ ಹತ್ತು ನಿಮಿಷದಲ್ಲಿ ಬೂದಿ. ಆ ಬೂದಿಯೂ ಸುಣ್ಣದಂಥದ್ದೇ. ನಮ್ಮ ಮಣ್ಣಿಗೆ ಅದರಿಂದ ಉಪಕಾರವಿಲ್ಲ. ಅದೇ ಎಲೆಗಳನ್ನು ತರಕಾರಿ ಸಿಪ್ಪೆಯೊಂದಿಗೆ ಗುಂಡಿಗೆ ಹಾಕಿ, ಆಗಾಗ ನೀರು ಚಿಮುಕಿಸಿ ಮಗುಚಿದರೆ ಕೆಲವು ತಿಂಗಳಲ್ಲಿ ಗೊಬ್ಬರ. ಅದು ಎರೆಮಣ್ಣನ್ನು ಸಡಿಲಗೊಳಿಸುತ್ತದೆ, ಗಿಡಕ್ಕೆ ಕಬ್ಬಿಣ ದಕ್ಕಲು ನೆರವಾಗುತ್ತದೆ.

ಕಲ್ಲು ಮಣ್ಣಾಗುವುದನ್ನು ನೋಡುವಷ್ಟು ಆಯುಸ್ಸು ನಮಗಿಲ್ಲ. ಇರುವ ಮಣ್ಣನ್ನು ಉಳಿಸಿ ಮಕ್ಕಳಿಗೆ ಕೊಡುವುದು ಮಾತ್ರ ನಮ್ಮ ಕೈಯಲ್ಲಿದೆ.