ಬೆಳಕು ಯಾರಿಗೆ, ಹೊಗೆ ಯಾರಿಗೆ?

"ಕಸದಿಂದ ರಸ" ಎಂಬ ಮಾತನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಈಗ ಆ ಮಾತು ಒಂದು ಹೆಜ್ಜೆ ಮುಂದೆ ಹೋಗಿ "ಕಸದಿಂದ ವಿದ್ಯುತ್ತು" ಎಂದಾಗಿದೆ. ಬೆಂಗಳೂರಿನ ಕಸವನ್ನು ದಿನಕ್ಕೆ 600 ಟನ್ನಿನಂತೆ ಸುಟ್ಟು 11.5 ಮೆಗಾವಾಟ್ ವಿದ್ಯುತ್ತನ್ನು ಪಡೆಯಬೇಕೆಂಬ ಉದ್ದೇಶದಿಂದ ಬಿಡದಿಯಲ್ಲಿ ಸ್ಥಾವರವೊಂದು ನಿರ್ಮಾಣವಾಗಿದೆ. ಕೇಳುವುದಕ್ಕೆ ಬಲು ಸೊಗಸಾದ ಯೋಜನೆಯೇ ಸರಿ. ಆದರೆ ಇಂಥ ಯೋಜನೆಗಳಲ್ಲಿ ಬೆಳಕು ನಗರಕ್ಕೆ, ಹೊಗೆ ನೆರೆಯವರಿಗೆ ಎಂದಾಗಬಾರದು.

ಇದನ್ನು ಕುರಿತು ಬರೆಯುವ ಅಧಿಕಾರ ನಿನಗೇನಿದೆ ಎಂದು ಮಿತ್ರರು ಕೇಳಬಹುದು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ, ನಿಜ. ಆದರೆ ನನ್ನ ತಂದೆ ಪುರಸಭೆಯ ಪೌರಕಾರ್ಮಿಕರು. ಅವರು ಊರಿನ ಕಸ ಎತ್ತಿ ತಂದ ಸಂಬಳದಿಂದಲೇ ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಒಬ್ಬನು ಬಿ.ಎ. ತರಗತಿಯವರೆಗೆ ಬಂದಿದ್ದಾನೆ. ಪತ್ರಿಕೆಯಲ್ಲಿ ಬಂದ ಸ್ಥಾವರದ ಸುದ್ದಿಯನ್ನು ನಾನು ಓದಿ ಹೇಳಿದಾಗ ಅವರು ನಕ್ಕು, "ಅಲ್ಲ ಮಗ, ಜನ ಹಾಕೋ ಕಸದಲ್ಲಿ ಅರ್ಧ ನೀರೇ ಇರ್ತದೆ. ಹಸಿ ಸೌದೆ ಒಲೆಗಿಟ್ಟರೆ ಉರಿ ಎಲ್ಲಿ ಬರ್ತದೆ? ಹೊಗೆನೇ ಬರೋದು" ಎಂದರು.

ಗ್ರಂಥಾಲಯದಲ್ಲಿ ಕುಳಿತು ಓದಿದಾಗ ಆ ಮಾತಿನ ತಥ್ಯ ನನಗೆ ತಿಳಿಯಿತು. ಕಸ ಉರಿದು ಹೊರಡುವ ಅನಿಲವು 850 ಡಿಗ್ರಿ ಸೆಲ್ಸಿಯಸ್ಸಿಗೆ ಕಡಿಮೆಯಿಲ್ಲದ ಶಾಖದಲ್ಲಿ ಎರಡು ಸೆಕೆಂಡಾದರೂ ಇರಬೇಕು. ಹಸಿ ಕಸ ಈ ಶಾಖವನ್ನು ತಗ್ಗಿಸುತ್ತದೆ. ಕ್ಲೋರಿನ್ನುಳ್ಳ ಪ್ಲಾಸ್ಟಿಕ್ಕೂ ಅದರೊಡನೆ ಬೆರೆತಿದ್ದರೆ ಡಯಾಕ್ಸಿನ್ ಎಂಬ ಘೋರ ವಿಷ ಉತ್ಪನ್ನವಾಗುತ್ತದೆ. ಇದು ಹುಲ್ಲಿನ ಮೇಲೆ ಬಿದ್ದು, ಹಸುವಿನ ಹಾಲನ್ನು ಸೇರಿ, ಮನುಷ್ಯನ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ; ಅರ್ಬುದ ರೋಗಕ್ಕೂ ಕಾರಣವಾಗುತ್ತದೆ. ಆದಕಾರಣವೇ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಒಂದು ಘನಮೀಟರ್ ಅನಿಲದಲ್ಲಿ ಅದು 0.1 ನ್ಯಾನೋಗ್ರಾಂ ಮೀರಕೂಡದೆಂದು ವಿಧಿಸಿದವು. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು!

ಧೂಳನ್ನೂ ಗಂಧಕದ ಅನಿಲವನ್ನೂ ಚಿಮಣಿಯಲ್ಲಿ ಇಟ್ಟ ಯಂತ್ರ ಹಗಲಿರುಳೂ ಅಳೆಯಬಲ್ಲುದು. ಡಯಾಕ್ಸಿನ್ನನ್ನಾದರೋ ಮಾದರಿ ಹಿಡಿದು ವಿಶೇಷ ಪ್ರಯೋಗಾಲಯಕ್ಕೆ ಕಳುಹಿಸಿಯೇ ತಿಳಿಯಬೇಕು. ಒಂದು ದಿನದ ಪರೀಕ್ಷೆಯಲ್ಲಿ ಉತ್ತೀರ್ಣವಾದ ಚಿಮಣಿ ವರ್ಷವೆಲ್ಲ ಸನ್ನಡತೆಯಿಂದಿತ್ತೆಂದು ಹೇಳುವುದು ಹೇಗೆ? ಪರೀಕ್ಷೆಯ ದಿನ ಮಾತ್ರ ಓದುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೆಹಲಿಯ ಓಖ್ಲಾದಲ್ಲಿ 2012ರಿಂದ ನಡೆಯುತ್ತಿರುವ ಸ್ಥಾವರದ ಮಗ್ಗುಲಲ್ಲೇ ಜನವಸತಿಯಿದೆ. ಅಲ್ಲಿಯ ನಿವಾಸಿಗಳು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದರು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 25 ಲಕ್ಷ ರೂಪಾಯಿ ಪರಿಹಾರ ವಿಧಿಸಿ, ಸ್ಥಾವರ ಮುಂದುವರಿಯಲು ಅವಕಾಶವಿತ್ತಿತು. ಮನೆಗಳ ನಡುವೆ ಒಮ್ಮೆ ಒಲೆ ಹೂಡಿದ ಮೇಲೆ ಅದನ್ನು ಕೀಳುವುದು ಕಷ್ಟವೆಂಬುದಕ್ಕೆ ಇದೇ ಸಾಕ್ಷಿ.

ಹಾಗಾದರೆ ಸ್ಥಾವರವೇ ಬೇಡವೆ? ಅಷ್ಟು ಸುಲಭವಾಗಿ ನಾನು ಹೇಳಲಾರೆ. ಮಂಡೂರಿನ ಜನ ಬೆಂಗಳೂರಿನ ಕಸದ ಬೆಟ್ಟದ ಪಕ್ಕದಲ್ಲಿ ಬಾಳಿ, 2014ರಲ್ಲಿ ಇನ್ನು ಸಾಕೆಂದು ಬೀದಿಗಿಳಿದರು. ಸುಡದೆ ಗುಡ್ಡೆ ಹಾಕಿದರೂ ಕೇಡು ಬಡವರ ಊರಿಗೇ ತಪ್ಪದು. ಆದುದರಿಂದ ನನ್ನ ಬೇಡಿಕೆ ಇಷ್ಟೆ: ಸ್ಥಾವರಕ್ಕೂ ಮನೆಗಳಿಗೂ ನಡುವಣ ಅಂತರ ಮೊದಲೇ ನಿಶ್ಚಿತವಾಗಲಿ, ಡಯಾಕ್ಸಿನ್ ಪರೀಕ್ಷೆ ಮುನ್ಸೂಚನೆಯಿಲ್ಲದೆ, ಪದೇ ಪದೇ ನಡೆಯಲಿ, ಫಲಿತಾಂಶವನ್ನು ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಲಿ, ಮಿತಿ ಮೀರಿದಂದು ಒಲೆ ಆರಲಿ.

ಇನ್ನೊಂದು ನಿಯಮಕ್ಕೆ ಯಾವ ಸರಕಾರವನ್ನೂ ಕಾಯಬೇಕಾಗಿಲ್ಲ. ಹಸಿ ಕಸವನ್ನೂ ಒಣ ಕಸವನ್ನೂ ಮನೆಯಲ್ಲೇ ಬೇರ್ಪಡಿಸುವುದು ನಮ್ಮ ಕೈಯಲ್ಲಿದೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಅನ್ನ, ಬಾಳೆಲೆ, ಪ್ಲಾಸ್ಟಿಕ್ಕು ಎಲ್ಲವೂ ಇಂದಿಗೂ ಒಂದೇ ತೊಟ್ಟಿಗೆ ಬೀಳುತ್ತವೆ. ಮಿತ್ರರೇ, ಆ ತೊಟ್ಟಿಗೆ ನಾಳೆ ಬೆಳಗ್ಗೆ ಕೈಹಾಕುವವರು ನನ್ನ ತಂದೆಯಂಥವರು. ಅದು ಉರಿದಾಗ ಹೊಗೆ ಕುಡಿಯುವವರೂ ಅಂಥವರೇ.